ಮುಹೂರ್ತದ ದಿನ ಮಾರಿದವನು

ಬಳ್ಳಾರಿಯ ಕೌಲ್ ಬಜಾರಿನ ಆ ಓಣಿಯಲ್ಲಿ ಬೆಳಗಿನ ಮೊದಲ ಸದ್ದು ಜೀನ್ಸ್ ಹೊಲಿಸುವ ದಾವಲಸಾಬರ ಮನೆಯ ಹಿಂದಿನ ಕೋಣೆಯಿಂದ ಬರುತ್ತದೆ. ಒಂದು ಹೊಲಿಗೆ ಮಷಿನು ಗಂಟಲು ಸರಿಪಡಿಸಿಕೊಂಡಂತೆ ಗುರ್ರೆಂದು ನಿಲ್ಲುತ್ತದೆ. ಆಮೇಲೆ ಇನ್ನೊಂದು. ದಪ್ಪ ಜೀನ್ಸ್ ಬಟ್ಟೆಯ ಮೇಲೆ ಸೂಜಿಗಳು ಓಡತೊಡಗಿದರೆ ಎದುರುಮನೆಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಅಷ್ಟು ಹೊತ್ತಿಗೆ ಗಟಾರದಲ್ಲಿ ನೀಲಿ ಬಣ್ಣದ ನೀರು ಹರಿದು ಬಂದಿರುತ್ತದೆ. ಓಣಿಯ ಹೆಂಗಸರ ಬೆರಳ ತುದಿಗಳೂ ಅದೇ ನೀಲಿ.

ಆ ಕಿಟಕಿಯ ಒಳಗೆ ಮಲಗಿರುವ ರಾಮಾಂಜಿನಿಗೆ ಈ ಸದ್ದು ಕಂಡರಾಗದು. ಷೇರು ಬಜಾರು ತೆರೆಯುವ ಮೊದಲು ಏಳುವವರು ದಡ್ಡರು ಎಂಬುದು ಅವನ ಸಿದ್ಧಾಂತ. “ಟಕಟಕ, ಟಕಟಕ. ದುಡಿಯೋ ಮಂದಿಗೆ ಬುದ್ಧಿ ಇರಂಗಿಲ್ಲ ನೋಡು” ಎಂದು ಗೊಣಗಿ ಮಗ್ಗುಲು ಬದಲಿಸುತ್ತಾನೆ. ಆ ದುಡಿಯುವ ಮಂದಿಯಲ್ಲಿ ಅವನ ಹೆಂಡತಿ ಮೀನಾ ಒಬ್ಬಳು. ಅವಳು ಹೊಲಿದ ಪ್ಯಾಂಟಿನ ಜೇಬುಗಳಿಂದಲೇ ಆ ಮನೆಗೆ ಅಕ್ಕಿ ಬರುತ್ತದೆ, ಹಾಲು ಬರುತ್ತದೆ, ಅವನ ಫೋನಿಗೆ ಕರೆನ್ಸಿ ಬರುತ್ತದೆ.

ರಾಮಾಂಜಿನಿ ಸಿರುಗುಪ್ಪದವನು. ಅವನ ಅಪ್ಪ ರೈಸ್ ಮಿಲ್ಲಿನಲ್ಲಿ ಚೀಲ ತೂಗುತ್ತಿದ್ದ, ರೆಪ್ಪೆಯ ಮೇಲೆ ತೌಡಿನ ಧೂಳು ಹೊತ್ತುಕೊಂಡೇ ಮನೆಗೆ ಬರುತ್ತಿದ್ದ. ಮಗನಿಗೆ ಧೂಳು ಹಿಡಿಸಲಿಲ್ಲ. ಮಿಲ್ಲಿನ ಎದುರಿನ ದಲಾಲಿ ಅಂಗಡಿಯ ಫ್ಯಾನಿನ ಕೆಳಗೆ ಹೋಗಿ ಕೂತ. ಅಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ, ಇಲ್ಲದ ಅಕ್ಕಿಯನ್ನು ಮಾರುವುದು. ದರ ಇಳಿಯುವ ಹಾಗೆ ಕಂಡರೆ ಫೋನಿನಲ್ಲೇ ಇವತ್ತಿನ ದರಕ್ಕೆ ನೂರು ಚೀಲ ಮಾರಿಬಿಡುತ್ತಿದ್ದ. ಅವನ ಹತ್ತಿರ ಒಂದು ಚೀಲವೂ ಇರುತ್ತಿರಲಿಲ್ಲ. ದರ ಇಳಿದ ಮೇಲೆ ಯಾರದೋ ಗೋದಾಮಿನಿಂದ ಅಗ್ಗಕ್ಕೆ ಕೊಂಡು, ಮಾತು ಕೊಟ್ಟವರಿಗೆ ತಲುಪಿಸಿ, ನಡುವಿನದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ದರ ಏರಿಬಿಟ್ಟರೆ ದುಬಾರಿಗೆ ಕೊಂಡು ಅಗ್ಗಕ್ಕೆ ಕೊಡಬೇಕಾಗುತ್ತಿತ್ತು. ಅಂಥ ದಿನಗಳಲ್ಲಿ ರಾಮಾಂಜಿನಿ ಊರಲ್ಲಿ ಇರುತ್ತಿರಲಿಲ್ಲ. ಹೀಗೆ ಕೆಲವು ಸಲ ಕಾಣೆಯಾದ ಮೇಲೆ ಸಿರುಗುಪ್ಪದಲ್ಲಿ ಅವನ ಫೋನನ್ನು ಯಾರೂ ಎತ್ತದಾದರು. ಅವನು ಬಳ್ಳಾರಿಗೆ ಬಂದ.

ಬಳ್ಳಾರಿಯಲ್ಲಿ ಅದೇ ವಿದ್ಯೆಗೆ ಮರ್ಯಾದೆಯ ಹೆಸರೊಂದು ಸಿಕ್ಕಿತು. ಷೇರು ಪೇಟೆಯಲ್ಲಿ ಅದನ್ನು ಶಾರ್ಟ್ ಹೊಡೆಯುವುದು ಎನ್ನುತ್ತಾರೆ. ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಬೇಕು, ಅದೇ ದಿನ ಬಜಾರು ಮುಚ್ಚುವ ಮೊದಲು ವಾಪಸು ಕೊಳ್ಳಬೇಕು. ಇಳಿದಿದ್ದರೆ ಲಾಭ, ಏರಿದ್ದರೆ ಏಟು. ವೀರೇಶ್ ಎಂಬವನ ಷೇರು ಆಫೀಸಿನಲ್ಲಿ ಖಾತೆ ತೆರೆದ. ಕೈಯಲ್ಲಿದ್ದ ಹಣದ ಐದರಷ್ಟು ಮಾರಲು ಅಲ್ಲಿ ಬಿಡುತ್ತಿದ್ದರು. ಐದರಷ್ಟು ಎಂಬ ಮಾತು ಕೇಳಿದ ದಿನವೇ ರಾಮಾಂಜಿನಿ ಮೀಸೆ ಕತ್ತರಿಸುವ ಧಾಟಿ ಬದಲಿಸಿಕೊಂಡ.

ಓಣಿಯಲ್ಲಿ ಹಬ್ಬದ ಕ್ಯಾಲೆಂಡರನ್ನು ಅವನಷ್ಟು ಭಕ್ತಿಯಿಂದ ನೋಡುವವರು ಬೇರೆ ಇರಲಿಲ್ಲ. ರಂಜಾನ್, ಕ್ರಿಸ್‌ಮಸ್, ದಸರೆ, ಎಲ್ಲಕ್ಕೂ ಕೆಂಪು ಪೆನ್ನಿನ ಸುತ್ತು. ಪೂಜೆಗಲ್ಲ. ಹಬ್ಬದ ಹಿಂದೆಮುಂದೆ ದೊಡ್ಡ ವ್ಯಾಪಾರಸ್ಥರು ರಜೆಯ ಮೇಲೆ ಹೋಗುತ್ತಾರೆ, ಕೊಳ್ಳುವವರು ಮಾರುವವರು ಇಬ್ಬರೂ ಕಡಿಮೆಯಾಗುತ್ತಾರೆ. ತುಂಬಿದ ಕಾಲುವೆಗೆ ಕಲ್ಲು ಎಸೆದರೆ ನೀರು ಅಲುಗುವುದಿಲ್ಲ, ಅಂಗೈಯಗಲದ ನೀರಿಗೆ ಎಸೆದರೆ ತಳ ಕಾಣುತ್ತದೆ. ಅಂಥ ದಿನ ಸಣ್ಣವನೊಬ್ಬ ಮಾರಿದರೂ ಬೆಲೆ ಕುಸಿಯುತ್ತದೆ ಎಂಬುದು ಅವನ ಲೆಕ್ಕ. ಚಹಾದಂಗಡಿಯಲ್ಲಿ ಕೂತು ಇದನ್ನೇ ಹೇಳುತ್ತಿದ್ದ.

“ಸಂತಿ ಮುಗಿದ ಮ್ಯಾಲೆ ತಕ್ಕಡಿ ಹಿಡಿದಾವನ ಸಾವ್ಕಾರ. ತಿಳೀತಿಲ್ಲೋ?”

“ಸಂತಿ ಮುಗಿದ ಮ್ಯಾಲೆ ಅಲ್ಲಿ ನಾಯಿ ತಿರಗತಾವಪ್ಪ, ರಾಮಾಂಜಿನಿ” ಎಂದು ಯಾರೋ ಒಬ್ಬರು ಅಂದರೆ ಅವನು ನಗುತ್ತಿದ್ದ. ತಿಳಿಯದವರ ಮಾತಿಗೆ ತಿಳಿದವರು ನಗುವ ಹಾಗೆ.

ಒಮ್ಮೊಮ್ಮೆ ಅವನ ಲೆಕ್ಕ ಸರಿಹೋಗುತ್ತಿತ್ತು. ಅದೇ ಕೆಟ್ಟದ್ದಾಯಿತು.

ಆ ವರ್ಷ ದಾವಲಸಾಬರ ಮೊಣಕಾಲು ಪೂರ್ತಿ ಕೈಕೊಟ್ಟಿತ್ತು, ಮಷಿನು ತುಳಿಯಲು ಆಗುತ್ತಿರಲಿಲ್ಲ. ಹಿಂದಿನ ಕೋಣೆಯನ್ನೂ ಅದರೊಳಗಿನ ಮಷಿನುಗಳನ್ನೂ ಕೊಟ್ಟುಬಿಡಬೇಕೆಂದು ಅವರು ನಿರ್ಧರಿಸಿದರು. ಮೊದಲು ಕೇಳಿದ್ದು ಮೀನಾಳನ್ನು.

“ತಂಗೀ, ನೀ ಹಿಡಕೊಂಡ್ರ ನನಗ ಚಿಂತಿ ಇಲ್ಲ. ಆ ಅಂಚು ಹೊಲಿಯೋ ಓವರ್‌ಲಾಕ್ ಮಷಿನು ನನ್ನ ಮಾತು ಕೇಳಂಗಿಲ್ಲ, ನಿನ್ನ ಮಾತು ಕೇಳತೈತಿ.”

“ಅದಕ್ಕ ನಾ ಬೈಯಂಗಿಲ್ಲ ಕಾಕಾ, ನೀವು ಬೈತೀರಿ. ಅದಕ್ಕ” ಎಂದಿದ್ದಳು ಮೀನಾ.

ಇನ್ನೊಬ್ಬರ ಕೋಣೆಯಲ್ಲಿ ಇನ್ನೊಬ್ಬರ ಜೇಬು ಹೊಲಿದವಳಿಗೆ ತನ್ನದೇ ಬೀಗದ ಕೈ ಎಂದರೆ ಏನೆಂದು ರಾಮಾಂಜಿನಿಗೆ ಹೇಳುವ ಮಾತು ಅವಳಲ್ಲಿ ಇರಲಿಲ್ಲ, ಕೇಳುವ ಕಿವಿ ಅವನಲ್ಲಿ ಇರಲಿಲ್ಲ. ವರ್ಷಗಟ್ಟಲೆ ಕಟ್ಟಿದ ಚೀಟಿ ಎತ್ತಿ, ಮುಂಗಡಕ್ಕೆಂದು ಬಂದ ಹಣವನ್ನು ಗಂಡನ ಕೈಗೆ ಕೊಟ್ಟಳು. ಕೋಣೆಯ ಮಾತು ಗಂಡಸರ ನಡುವೆ ಮುಗಿಯಲಿ, ದಾವಲಸಾಬರ ಮುಂದೆ ಅವನಿಗೂ ಒಂದು ಮರ್ಯಾದೆ ಇರಲಿ ಎಂದು. ಕೊಟ್ಟಿದ್ದು ದೀಪಾವಳಿಗೆ ಮುಂಚಿನ ಬುಧವಾರ. ರಾಮಾಂಜಿನಿ ಅದನ್ನು ದಾವಲಸಾಬರಿಗೆ ಕೊಡಲಿಲ್ಲ, ಷೇರು ಖಾತೆಗೆ ಹಾಕಿದ. ಎರಡು ದಿನದ ಮಾತು, ಹೆಚ್ಚಾಗಿಯೇ ಬರುತ್ತದೆ ಎಂದುಕೊಂಡ.

ಅವನ ಕಣ್ಣು ಮುಹೂರ್ತದ ಗಂಟೆಯ ಮೇಲಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಷೇರು ಬಜಾರಿಗೆ ರಜೆ, ಆದರೆ ಶುಭಕ್ಕೆಂದು ಸಂಜೆ ಒಂದೇ ಒಂದು ಗಂಟೆ ತೆರೆಯುತ್ತಾರೆ. ದೊಡ್ಡವರು ಯಾರೂ ಇರುವುದಿಲ್ಲ. ವರ್ಷದಲ್ಲಿ ಅದಕ್ಕಿಂತ ತೆಳ್ಳಗಿನ ಬಜಾರಿಲ್ಲ. ಆ ಗಂಟೆಗೆ ಅವನು ಆರಿಸಿಕೊಂಡದ್ದು ಕುಡತಿನಿ ಕಡೆಯ ಒಂದು ಸಣ್ಣ ಕಬ್ಬಿಣದ ಕಂಪನಿಯ ಷೇರು. ಸುತ್ತಲ ಊರವರು ಆ ಕಂಪನಿಯನ್ನು ಬಟ್ಟಿ ಎಂದೇ ಕರೆಯುತ್ತಾರೆ. ಅದು ಶುರುವಾದ ಕಾಲದಲ್ಲಿ ಲಾರಿ ಓಡಿಸಿದವರಿಗೆ, ಮಣ್ಣು ಹೊತ್ತವರಿಗೆ ಬಾಡಿಗೆ ಕೊಡಲಾಗದೆ ಷೇರು ಕಾಗದ ಹಂಚಿದ್ದರು. ಕುರುಗೋಡಿನಲ್ಲಿ ಅಂಥ ಮನೆಗಳು ಬಹಳ. ಮೀನಾಳ ಅಪ್ಪನೂ ಲಾರಿ ಓಡಿಸಿದವನು. ಅವನು ಹೋದ ಮೇಲೆ ಬಟ್ಟಿ ಕಾಗದವೆಲ್ಲ ಮೀನಾಳ ಅವ್ವ ಸಾವಂತ್ರಮ್ಮನ ಹೆಸರಿಗೆ ಬಂದಿತ್ತು. ಕಾಗದವನ್ನು ಕಂಪ್ಯೂಟರಿಗೆ ಸೇರಿಸಿ ಖಾತೆ ಮಾಡಿಕೊಟ್ಟವನು ಅಳಿಯನೇ. ಅಷ್ಟು ಉಪಕಾರಕ್ಕೆ ಖಾತೆಯ ಪಾಸ್‌ವರ್ಡನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ.

ಈ ಮನೆಗಳ ಬಗ್ಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇವರು ಷೇರನ್ನು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ, ದೇವರ ಮಾಡದಲ್ಲಿ ಇಟ್ಟು ಮರೆತವರು ಎಂದುಕೊಂಡಿದ್ದ. ಒಂದಿಷ್ಟು ಮಾರಿ ಬೆಲೆ ಬೀಳಿಸಿದರೆ ತಡೆಯುವವರಿಲ್ಲ.

ಶುಕ್ರವಾರ ಬೆಳಿಗ್ಗೆ ಮೀನಾ ಕುರುಗೋಡಿನ ತವರಿಗೆ ಹೊರಡಲು ಬಟ್ಟೆ ಮಡಚುತ್ತಿದ್ದಳು. ದಾವಲಸಾಬರು ಬಂದು ಹೊಸ್ತಿಲ ಹೊರಗೇ ನಿಂತರು.

“ರಾಮಾಂಜಿನಿ, ಮುಂಗಡ ಒಂದು ಕೊಟ್ರ ಹಬ್ಬದ ದಿನ ಮಾತು ಪಕ್ಕಾ ಆಗ್ತಿತ್ತು ನೋಡಪ್ಪ. ಸಿರುಗುಪ್ಪದಾಗಿಂದ ಒಬ್ಬಾತ ಬಂದು ಕೋಣಿ ಕೇಳಾಕತ್ತಾನ.”

ರಾಮಾಂಜಿನಿ ಒಂದು ಕ್ಷಣವೂ ತಡವರಿಸಲಿಲ್ಲ. “ಅಯ್ಯ ಸಾಬ್ರೇ, ಇವತ್ತು ಶುಕ್ರವಾರ, ಅದರಾಗ ಲಕ್ಷ್ಮೀಪೂಜಿ. ಇವತ್ತು ಮನಿಯಿಂದ ಲಕ್ಷ್ಮೀನ ಹೊರಗ ಕಳಸ್ತಾರೇನ್ರಿ? ಸೂಜಿ ಸೈತ ಕೊಡಂಗಿಲ್ಲ ನಾವು, ಮಜ್ಜಿಗಿ ಹೆಪ್ಪು ಸೈತ ಕೊಡಂಗಿಲ್ಲ. ಸೋಮವಾರ ನಾನಾ ಬಂದು ನಿಮ್ಮ ಕೈಯಾಗ ಇಡ್ತೀನಿ.”

ದಾವಲಸಾಬರು ನಾಲಿಗೆ ಕಚ್ಚಿಕೊಂಡರು. “ತಪ್ಪಾತಪ್ಪ, ನನಗ ಹೊಳೀಲಿಲ್ಲ. ಸೋಮವಾರದ ತನಕ ಆ ಸಿರುಗುಪ್ಪದಾತಗ ಏನೂ ಹೇಳಂಗಿಲ್ಲ. ಅಲ್ಲೀತನ ಕೋಣಿ ನಮ್ಮ ಮೀನಾಂದ.”

ಒಳಗಿದ್ದ ಮೀನಾ ಇದನ್ನು ಕೇಳಿದಳು. ಹಣ ಟ್ರಂಕಿನಲ್ಲಿದೆ ಎಂದೇ ಅವಳು ತಿಳಿದಿದ್ದಳು. ಯಾವ ಹಬ್ಬಕ್ಕೂ ಒಂದು ಮೊಳ ಹೂವು ತಾರದ ಗಂಡ ಇವತ್ತಾದರೂ ಮನೆಯ ರೀತಿ ನೆನೆದನಲ್ಲ ಎಂದು ಅವಳಿಗೆ ಸ್ವಲ್ಪ ಸಂತೋಷವೂ ಆಯಿತು.

ಕುರುಗೋಡಿನ ಬಂಡೆಗಳ ಮೇಲೆ ಸಂಜೆ ಬೇಗ ಕೆಂಪಾಗುತ್ತದೆ. ಸಾವಂತ್ರಮ್ಮನ ಪಡಸಾಲೆಯಲ್ಲಿ ಬಾಳೆಕಂದು ಕಟ್ಟಿ, ಚೆಂಡುಹೂವಿನ ಸರ ಇಳಿಬಿಟ್ಟು, ನಡುವೆ ಲಕ್ಷ್ಮಿಯನ್ನು ಕೂರಿಸಿದ್ದರು. ಬೆಲೆಯುಳ್ಳದ್ದನ್ನೆಲ್ಲ ಆ ದಿನ ಅವಳ ಮುಂದೆ ಇಡುವುದು ಆ ಮನೆಯ ಪದ್ಧತಿ. ಇಟ್ಟದ್ದನ್ನು ಮರುದಿನ ಬೆಳಗಿನ ಆರತಿಯವರೆಗೆ ಮುಟ್ಟುವಂತಿಲ್ಲ. ತಟ್ಟೆಯಲ್ಲಿ ಸಾವಂತ್ರಮ್ಮನ ಬೋರಮಾಳ ಸರ, ಗಂಡನ ಹಳೆಯ ಲಾರಿಯ ಕೀಲಿ, ಬೆಳ್ಳಿಯ ಕಾಲುಂಗುರ, ಮತ್ತು ಅವಳ ಮೊಬೈಲ್. ಬಟ್ಟಿ ಕಾಗದ ಈಗ ಫೋನಿನೊಳಗೆ ಹೋಗಿದೆ ಎಂದು ಅಳಿಯನೇ ಹೇಳಿದ್ದನಲ್ಲ, ಅದಕ್ಕೆ ಫೋನನ್ನೂ ಇಟ್ಟಿದ್ದಳು. ಅದರ ಗಾಜಿನ ಮೇಲೆ ಅರಿಶಿನ, ಕುಂಕುಮ, ನಾಲ್ಕು ಅಕ್ಷತೆ.

ದೀಪ ಹಚ್ಚಿದ ಹೊತ್ತಿಗೇ ಬಜಾರು ತೆರೆಯಿತು. ರಾಮಾಂಜಿನಿ ಕಂಬಕ್ಕೆ ಒರಗಿ ಕೂತು ತನ್ನ ಫೋನಿನಲ್ಲಿ ಬಟ್ಟಿ ಷೇರು ಮಾರಿದ. ಬೆಲೆ ಒಂದಿಷ್ಟು ಇಳಿಯಿತು. ಅವನು ಕರ್ಚಿಕಾಯಿ ಕಡಿದ. ಇನ್ನಷ್ಟು ಮಾರಿದ.

“ಅಳಿಯಂದ್ರು ಹ್ವಾದ ವರ್ಷನೂ ಫೋನಿಗೇ ಪೂಜಿ ಮಾಡಿದ್ರು” ಎಂದಳು ಸಾವಂತ್ರಮ್ಮ ಮಗಳಿಗೆ ಕೇಳುವಂತೆ. “ಈ ವರ್ಷ ನೈವೇದ್ಯನೂ ಅಲ್ಲೇ ನಡದೈತಿ.”

ಆಮೇಲೆ ಬೆಲೆ ನಿಂತಿತು. ಯಾರೋ ಹತ್ತು ಷೇರು ಕೊಂಡರು. ಯಾರೋ ಐದು. ಯಾರೋ ಒಂದೇ ಒಂದು. ಮುಹೂರ್ತದ ಗಂಟೆಗೆ ಬರುವವರು ಲಾಭಕ್ಕೆ ಬರುವವರಲ್ಲ. ಶಾಸ್ತ್ರಕ್ಕೆ ಬರುವವರು. ಅಪ್ಪ ದುಡಿದ ಕಂಪನಿಯದು ಎಂದು ಒಂದು, ಮಗಳ ಹೆಸರಿಗೆ ಎಂದು ಎರಡು, ಹೀಗೆ ಪೂಜೆಯ ನಡುವೆ ಕೈ ಒರೆಸಿಕೊಂಡು ಕೊಳ್ಳುವವರು. ಬಟ್ಟಿಯ ಹೆಸರು ಬಲ್ಲ ಊರುಗಳಲ್ಲೆಲ್ಲ ಅಂಥವರು ಇದ್ದರು. ಮಾರುವವನು ಮಾತ್ರ ಆ ಗಂಟೆಯಲ್ಲಿ ಒಬ್ಬನೇ. ಅವನು ಕುರುಗೋಡಿನ ಈ ಕಂಬಕ್ಕೆ ಒರಗಿದ್ದ.

ಬಜಾರು ಯಾಕೆ ತೆಳ್ಳಗಿರುತ್ತದೆ ಎಂದು ಅವನು ಎಂದೂ ಯೋಚಿಸಿರಲಿಲ್ಲ. ಆ ದಿನ ಲಕ್ಷ್ಮಿಯನ್ನು ಯಾರೂ ಮನೆಯಿಂದ ಕಳಿಸುವುದಿಲ್ಲ, ಅದಕ್ಕೆ ತೆಳ್ಳಗಿರುತ್ತದೆ. ಬೆಳಿಗ್ಗೆ ದಾವಲಸಾಬರಿಗೆ ತಾನೇ ಹೇಳಿದ ಮಾತು. ಹೇಳಿದ್ದ, ನಂಬಿರಲಿಲ್ಲ. ಉಳಿದವರು ನಂಬುತ್ತಾರೆಂಬುದೂ ಅವನ ಲೆಕ್ಕದಲ್ಲಿ ಇರಲಿಲ್ಲ.

ಬೆಲೆ ಏರುತ್ತ ಹೋಗಿ ದಿನದ ಮಿತಿಗೆ ತಾಗಿತು. ಅದಕ್ಕಿಂತ ಮೇಲೆ ಆ ದಿನ ಏರುವಂತಿಲ್ಲ. ಕೊಳ್ಳುವವರ ಸಾಲು ಉದ್ದವಾಗಿತ್ತು, ಮಾರುವವರ ಕಡೆ ಸೊನ್ನೆ. ಎಷ್ಟು ಕೊಡುತ್ತೇನೆಂದರೂ ಅವನಿಗೆ ಒಂದು ಷೇರೂ ಸಿಗದು. ಅವನು ವೀರೇಶನಿಗೆ ಫೋನು ಮಾಡಿದ. ಆ ಕಡೆ ಗಂಟೆಯ ಸದ್ದು, ಆರತಿಯ ಹಾಡು.

“ಎಲ್ಲಿಂದಾದ್ರೂ ಕೊಡಸಲೇ ವೀರೇಶ, ಮುಳಗಾಕತ್ತೀನಿ!”

“ಇವತ್ತು ಯಾವನಲೇ ಮಾರ್ತಾನ? ನನ್ನ ಹೇಣ್ತಿ ಮಂಗಳಾರತಿ ತಾಟು ಹಿಡಕೊಂಡು ನಿಂತಾಳ, ಇಡು ಫೋನ್.”

ಆಗ ಅವನ ಕಣ್ಣು ಲಕ್ಷ್ಮಿಯ ಮುಂದಿನ ತಟ್ಟೆಯ ಕಡೆ ಹೋಯಿತು. ಅತ್ತೆಯ ಷೇರುಗಳು ಅಷ್ಟೂ ಹೊರಬಂದರೆ ಸಾಲು ಕರಗಿ ಅವನ ಸರದಿಯೂ ಬಂದೀತು, ಕೊಂಡು ಲೆಕ್ಕ ಮುಗಿಸಬಹುದು. ಅವಳ ಖಾತೆಯ ಪಾಸ್‌ವರ್ಡ್ ಹೇಗೂ ತನ್ನ ಹತ್ತಿರವಿದೆ. ಕೇಳಲಿಲ್ಲ, ಹೇಳಲಿಲ್ಲ, ತನ್ನ ಫೋನಿನಿಂದಲೇ ಖಾತೆಗೆ ಹೋಗಿ ಮಾರಲು ಒತ್ತಿದ. ಒಪ್ಪಿಗೆಯ ಓಟಿಪಿ ಮಾತ್ರ ಸಾವಂತ್ರಮ್ಮನ ಫೋನಿಗೆ ಬರಬೇಕು. ಬಂತು. ಚೆಂಡುಹೂವುಗಳ ನಡುವೆ ಟಿಂಗ್ ಎಂದು ಬೆಳಕು ಮೂಡಿತು.

ರಾಮಾಂಜಿನಿ ಎದ್ದು ಹೋಗಿ ಲಕ್ಷ್ಮಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಮೀನಾ ಆರತಿಯ ಬತ್ತಿ ಕೈಯಲ್ಲೇ ಹಿಡಿದು ಬೆರಗಾಗಿ ನಿಂತಳು. ಅವನು ತಲೆ ಎತ್ತಲಿಲ್ಲ. ಕತ್ತು ಮಾತ್ರ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಕುಂಕುಮದ ಕೆಳಗಿನ ಅಂಕಿಗಳನ್ನು ಓದಲು ನೋಡುತ್ತಿದ್ದ. ಓದಲಾಗಲಿಲ್ಲ. ಊದಿದ. ಅಕ್ಷತೆ ಹಾರಿತು, ಕುಂಕುಮ ಹಾರಲಿಲ್ಲ. ಕೈ ಚಾಚಿದ.

“ಕೈ ತೆಗೀರಿ” ಎಂದಳು ಸಾವಂತ್ರಮ್ಮ.

“ಅತ್ತಿ, ನಿಮ್ಮ ಬಟ್ಟಿ ಕಾಗದಕ್ಕ ಇವತ್ತು ಬಂಗಾರದ ರೇಟು ಬಂದೈತಿ. ಒಂದು ನಂಬರ್ ಓದಿಬಿಟ್ರ ಆತು, ಮಾರೂನು.”

“ಸೋಮವಾರ ಮಾರೂನು.”

“ಸೋಮವಾರಕ್ಕ ಏನ್ ಮಾಡ್ಲಿ? ಈಗ ಬೇಕು, ಈಗ! ನಾ ಮಾರೀನಿ, ಕೊಡಾಕ ಇಲ್ಲ.”

“ಇಲ್ಲದ್ದು ಮಾರೀರೇನು?” ಸಾವಂತ್ರಮ್ಮನಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. “ಇದ್ದದ್ದನ್ನೇ ಮಾರಬಾರದ ದಿನ?”

ಮೀನಾ ಬತ್ತಿಯನ್ನು ಕೆಳಗಿಟ್ಟಳು. “ಮುಂಜಾನಿ ಕಾಕಾಗ ನೀವಾ ಹೇಳಿದ್ರಿ, ಇವತ್ತು ಲಕ್ಷ್ಮೀನ ಹೊರಗ ಕಳಸಬಾರ್ದಂತ” ಎಂದಳು. ಹೇಳುತ್ತಿದ್ದ ಹಾಗೆ ಅವಳ ದನಿ ನಿಧಾನವಾಯಿತು. “ಕೋಣಿ ರೊಕ್ಕ ಎಲ್ಲೈತಿ?”

ಅವನು ನೆಲದ ಮೇಲಿಂದಲೇ ತನ್ನ ಫೋನು ತೋರಿಸಿದ. “ಅದಕ್ಕ ಹೇಳಾಕತ್ತೀನಿ! ನಿನ್ನ ರೊಕ್ಕನ ಇದು. ನಿಮ್ಮವ್ವಗ ನೀನಾರ ಹೇಳು.”

ಸಾವಂತ್ರಮ್ಮ ಮಗಳ ಮುಖ ನೋಡಿದಳು. ಕೋಣೆಯ ವಿಷಯ ಅವಳಿಗೆ ಗೊತ್ತಿತ್ತು. “ನೀ ಅಂದ್ರ ತೆಗೀತೀನವ್ವ” ಎಂದಳು ಮೆಲ್ಲಗೆ. “ಲಕ್ಷ್ಮಿ ಏನ್ ಅನ್ನಂಗಿಲ್ಲ. ಹೆಣ್ಣು ದೇವ್ರು, ತಿಳಕೋತಾಳ.”

ಹೊರಗೆ ಪಟಾಕಿಯ ಸರವೊಂದು ಹತ್ತಿ ಉರಿದು ಮುಗಿಯಿತು. ಮೀನಾ ನೋಡಿದ್ದು ಫೋನನ್ನಲ್ಲ. ದೇವರ ಮುಂದೆ ಬೋರಲು ಬಿದ್ದು ಕತ್ತು ತಿರುಗಿಸಿದ ಗಂಡನನ್ನು, ಅವನ ಮೂಗಿನ ತುದಿಗೆ ಅಂಟಿದ ಒಂದು ಅಕ್ಷತೆಯನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೊಲಿಗೆ ಬಿಟ್ಟ ಪ್ಯಾಂಟನ್ನು ಮೂಲೆಗೆ ಎಸೆಯುವಾಗ ಇರುವಂಥದ್ದು ಏನೋ ಇತ್ತು.

“ಇರ್ಲಿ ಬಿಡವ್ವ” ಎಂದಳು. “ಅದು ಅಲ್ಲೇ ಇರ್ಲಿ. ನೀ ಎದ್ದು ಆ ಕಡಿ ಸರಿ, ಆರತಿ ಮಾಡೂದೈತಿ.”

ಗಂಡನಿಗೆ ಅವಳು ನೀ ಎಂದದ್ದು ಅದೇ ಮೊದಲು. ಅವನು ಸರಿದು ಕೂತ. ಆರತಿ ಮುಗಿಯುವಷ್ಟರಲ್ಲಿ ಮುಹೂರ್ತದ ಗಂಟೆಯೂ ಮುಗಿದಿತ್ತು.

ಸೋಮವಾರ ತಾಯಿ ಮಗಳು ಇಬ್ಬರೂ ಬಳ್ಳಾರಿಯ ವೀರೇಶನ ಆಫೀಸಿಗೆ ಹೋದರು. ಸಾವಂತ್ರಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಬಟ್ಟಿ ಕಾಗದದಲ್ಲಿ ಒಂದಿಷ್ಟು ಮಾರಬೇಕು, ಪಾಸ್‌ವರ್ಡೂ ಬದಲಾಯಿಸಬೇಕು ಎಂದಳು.

“ಒಳ್ಳೆ ದಿನಕ್ಕ ಬಂದೀರಿ ಅಮ್ಮ” ಎಂದ ವೀರೇಶ್. “ಒಬ್ಬಾತ ಇಲ್ಲದ್ದು ಮಾರಿ ಸಿಕ್ಕೊಂಡಾನ. ಶುಕ್ರವಾರ ಮಾರಿದ್ದು ಇವತ್ತು ಕೊಡಬೇಕು. ಇವತ್ತು ಕೊಂಡ್ರ ನಾಳೆ ಬರತೈತಿ. ಅದಕ್ಕ ಬಜಾರದವ್ರು ಅವನ ಪರವಾಗಿ ಹರಾಜಿನ್ಯಾಗ ಕೊಳ್ಳಾಕತ್ತಾರ, ರೇಟು ಜಾಸ್ತಿ. ನಿಮ್ದು ಹರಾಜಿಗೇ ಕೊಡೂನು.”

“ಯಾರವ ಆ ಪುಣ್ಯಾತ್ಮ?” ಎಂದು ಸಾವಂತ್ರಮ್ಮ ಏನೂ ಅರಿಯದವಳಂತೆ ಕೇಳಿದಳು.

ವೀರೇಶ್ ಮೀನಾಳ ಕಡೆ ನೋಡಿ ಕಂಪ್ಯೂಟರಿನ ಕಡೆ ತಿರುಗಿಕೊಂಡ.

ಹರಾಜಿನ ದುಬಾರಿ ದರ ಕಟ್ಟಿ ರಾಮಾಂಜಿನಿಯ ಖಾತೆ ಬರಿದಾಯಿತು. ಅವ್ವ ಮಾರಿದ್ದರ ಮೇಲೆ ವೀರೇಶ್ ಆಗಲೇ ಮುಂದಾಗಿ ಕೊಟ್ಟ ಹಣವನ್ನು ಮೀನಾ ಅವ್ವನಿಂದ ಸಾಲವೆಂದೇ ಪಡೆದು, ಅದೇ ಸಂಜೆ ತಾನೇ ಹೋಗಿ ದಾವಲಸಾಬರ ಕೈಯಲ್ಲಿ ಇಟ್ಟಳು. ಅವರು ಬೀಗದ ಕೈ ಕೊಡುತ್ತ, ರಾಮಾಂಜಿನಿ ಯಾಕೆ ಬರಲಿಲ್ಲ ಎಂದು ಕೇಳಿದರು. ಅವರ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಮೀನಾ ಓವರ್‌ಲಾಕ್ ಮಷಿನಿನ ಮೇಲಿನ ನೂಲು ಒರೆಸುತ್ತ, “ಲಕ್ಷ್ಮಿಗೆ ಅಡ್ಡಬಿದ್ದು ಸೊಂಟ ಹಿಡದೈತಿ ಕಾಕಾ” ಎಂದಳು.

ಈಗ ಆ ಕೋಣೆಯಿಂದ ಬೆಳಿಗ್ಗೆ ಬರುವ ಸದ್ದು ಮೀನಾಳದು. ಹೊಲಿದ ಪ್ಯಾಂಟುಗಳ ಮೂಟೆಯನ್ನು ಬಣ್ಣ ತೊಳೆಯುವ ಘಟಕಕ್ಕೆ ಸಾಗಿಸುವ ಕೆಲಸ ರಾಮಾಂಜಿನಿಯದು. ದಿನಗೂಲಿಯ ಲೆಕ್ಕ, ಮುಂಗಡವಿಲ್ಲ. ಮೂಟೆಗಳ ನಡುವೆ ಅವನು ಚಹಾದಂಗಡಿಯಲ್ಲಿ ಕೂರುತ್ತಾನೆ. ಅವನ ಅಂಗಿಯ ತೋಳಿಗೂ ನೀಲಿ ಹತ್ತಿದೆ, ಅದನ್ನು ಅವನು ಮಡಚಿ ಮುಚ್ಚಿಕೊಳ್ಳುತ್ತಾನೆ. ಮಾತು ಮಾತ್ರ ಹಳೆಯದೇ.

“ನಮ್ಮತ್ತಿಗೆ ಅಷ್ಟು ರೇಟು ಹೆಂಗ ಬಂತು ಹೇಳ್ರಿ ನೋಡೂನು? ನಾ ಶಾರ್ಟ್ ಹೊಡದಿದ್ದಕ್ಕ ಬಂತು. ಇವತ್ತು ನನ್ನ ಹೇಣ್ತಿ ಮಷಿನ್ ತುಳೀತಾಳಂದ್ರ ಅದು ನನ್ನ ಬುದ್ಧಿ.”

“ಹೌದಪ್ಪ, ಮನಿ ಸುಟ್ಟು ಮೈ ಕಾಸಿಕೊಂಡಂಗ” ಎಂದ ಚಹಾದವನು, ಲೋಟ ತೊಳೆಯುತ್ತ.

ರಾಮಾಂಜಿನಿ ಅವನ ಕಡೆ ಕೈ ಬೀಸಿ, ಬೆಂಚಿನ ಮೇಲೆ ಮುಂದಕ್ಕೆ ಬಾಗಿದ. “ದೀಪಾವಳಿ ಬಿಡ್ರಿ, ಅದು ನಮ್ಮ ಮಂದಿ ಹಬ್ಬ, ನಮ್ಮ ಮಂದಿಗೆ ವ್ಯಾಪಾರ ತಿಳಿಯಂಗಿಲ್ಲ. ಡಿಸೆಂಬರ್ ಕೊನೀ ವಾರ ಬರ್ಲಿ. ಫಾರಿನ್ ಮಂದಿ ಎಲ್ಲಾ ರಜಾ ಮ್ಯಾಲೆ ಹೋಗಿರ್ತಾರ, ಬಜಾರದಾಗ ಒಂದು ನೊಣ ಸೈತ ಇರಂಗಿಲ್ಲ.”

ಓಣಿಯ ಆ ತುದಿಯಲ್ಲಿ ಮಷಿನಿನ ಸದ್ದು ನಿಂತಿತು. ಮೀನಾ ಬಾಗಿಲಿಗೆ ಬಂದು, ಯಾರನ್ನೂ ಕೂಗದೆ, ಕಟ್ಟಿದ ಮೂಟೆಯೊಂದನ್ನು ಕಾಲಿನಿಂದ ಹೊಸ್ತಿಲ ಹೊರಗೆ ತಳ್ಳಿ ಒಳಗೆ ಹೋದಳು. ಅವನು ಲೋಟ ಇಟ್ಟು ಎದ್ದ, ಮಡಚಿದ್ದ ತೋಳು ಕೆಳಗಿಳಿಸಿಕೊಂಡ, “ಆವಾಗ ನೋಡ್ರಿ, ಮೊದಲು ಒಂದಿಷ್ಟಾ ಮಾರಬೇಕು, ಆಮ್ಯಾಲೆ ಯಾವಾಗ ಅವರು...” ಎನ್ನುತ್ತ ಮೂಟೆಯ ಕಡೆಗೆ ನಡೆದುಹೋದ.